ಹೆರಳಿನ ಬಿಗಿ

ಮೂರೆಳೆಯ ಹೆರಳನ್ನು ಹಾಕುವ ವಿಧಾನವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದು: ಸಿಕ್ಕು ಬಿಡಿಸಿದ ಕೂದಲನ್ನು ಮೂರು ಪಾಲು ಮಾಡಿ, ಬಲಗಡೆಯ ಎಳೆಯನ್ನು ನಡುವಿನದರ ಮೇಲೆ ಹಾಯಿಸಿ, ಅನಂತರ ಎಡಗಡೆಯದನ್ನು ಈಗ ನಡುವಿಗೆ ಬಂದುದರ ಮೇಲೆ ಹಾಯಿಸಿ, ತುದಿ ಮುಟ್ಟುವವರೆಗೂ ಸರದಿ ತಪ್ಪದಂತೆ ಹೀಗೆಯೇ ನಡೆಯತಕ್ಕದ್ದು. ಇಷ್ಟು ಸುಲಭವಾಗಿ ನುಡಿದು ಬಿಡಬಹುದಾದ ವಿದ್ಯೆಯು, ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಂತಹ ಊರಿನಲ್ಲಿ, ನಾಟಿಯ ದಿನಗಳಲ್ಲಿ ಹೆಂಡತಿ ನಸುಕಿಗೇ ಗದ್ದೆಗೆ ನಡೆದುಬಿಟ್ಟು ಮಗಳನ್ನು ಶಾಲೆಗೆ ಅಣಿಗೊಳಿಸುವ ಹೊಣೆ ಮೊದಲ ಸಲ ತನ್ನ ಪಾಲಿಗೆ ಬಂದ ತಂದೆಯೊಬ್ಬನ ಕೈಗೆ ಸಿಕ್ಕಾಗ, ಅದೇಕೆ ಅಷ್ಟು ದುಸ್ಸಾಧ್ಯವಾಗಿ ತೋರುತ್ತದೆ? ನೆತ್ತಿಯ ಹತ್ತಿರ ಬಿಗಿದುಕೊಂಡ ಹೆರಳು ಕೆಳಗಿಳಿದಂತೆ ಸಡಿಲವಾಗುತ್ತದೆ; ಕಿವಿಯ ಹಿಂದಣ ಒಂದು ಕುಚ್ಚು ಯಾವ ಪಾಲಿಗೂ ಸೇರದೆ ಹೊರಗೇ ಉಳಿಯುತ್ತದೆ; ಶಾಲೆಯ ಪ್ರಾರ್ಥನೆ ಮುಗಿಯುವ ಮೊದಲೇ ರಿಬ್ಬನ್ನು ಜಾರಿ ಬೆನ್ನಿನ ಮೇಲೆ ತೂಗಾಡುತ್ತದೆ. ಜಗಲಿಯಲ್ಲಿ ಕುಳಿತು ಇದನ್ನೆಲ್ಲ ನೋಡುವ ಅಜ್ಜಿ, ‘ಗಟ್ಟಿ ಹಿಡಿಯೋ, ಆದ್ರ ಜಗ್ಗಬ್ಯಾಡ’ ಎಂದರೆ, ಆ ಬಡಪಾಯಿಗೆ ಅದು ಪರಸ್ಪರ ವಿರುದ್ಧವಾದ ಎರಡು ಆಜ್ಞೆಗಳಂತೆ ಕೇಳಿಸುವುದು ಸಹಜವೇ. ಆದರೆ ಆ ಮಾತಿನಲ್ಲಿ ವಿರೋಧವಿಲ್ಲವೆಂಬುದೂ, ಹೆರಳಿನ ವಿಜ್ಞಾನವೆಲ್ಲ ಅದರಲ್ಲಿಯೇ ಅಡಗಿದೆಯೆಂಬುದೂ ನನ್ನ ಅಭಿಪ್ರಾಯ. ಸರದಿಯು ಹೆರಳಿಗೆ ಆಕಾರವನ್ನು ಕೊಡುತ್ತದೆ. ಅದನ್ನು ನಿಲ್ಲಿಸುವುದು ಬಿಗಿ.

ಮೊದಲು ಸರದಿಯ ಮಾತು. ಓದುಗರು ಕೆಂಪು, ಹಸಿರು, ಹಳದಿ ಬಣ್ಣದ ಮೂರು ದಾರಗಳನ್ನು ಎಡದಿಂದ ಬಲಕ್ಕೆ ಇದೇ ಕ್ರಮದಲ್ಲಿ ಒಂದು ಮೊಳೆಗೆ ಕಟ್ಟಿ, ಮೇಲೆ ಹೇಳಿದಂತೆ ನಿಧಾನವಾಗಿ ಹೆಣೆದು ನೋಡಬೇಕು. ಆರು ಸಲ ದಾಟಿಸುವಷ್ಟರಲ್ಲಿ ಮೂರೂ ದಾರಗಳು ತಮ್ಮ ಮೊದಲಿನ ಸ್ಥಾನಕ್ಕೆ ಮರಳಿರುತ್ತವೆ. ಅಷ್ಟರಲ್ಲಿ ಪ್ರತಿಯೊಂದು ಜೋಡಿಯೂ ಎರಡೆರಡು ಬಾರಿ ಸಂಧಿಸಿರುತ್ತದೆ. ಆ ಸಂಧಿಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ವಿಸ್ಮಯಕರವಾದ ಒಂದು ಸಂಗತಿ ಹೊರಬೀಳುತ್ತದೆ. ಹಳದಿಯು ಯಾವಾಗಲೂ ಹಸಿರಿನ ಮೇಲೆಯೇ ದಾಟಿದೆ. ಕೆಂಪು ಯಾವಾಗಲೂ ಹಳದಿಯ ಮೇಲೆಯೇ ದಾಟಿದೆ. ಹಾಗಾದರೆ ಎಲ್ಲಕ್ಕೂ ಮೇಲಿನದು ಕೆಂಪಾಗಬೇಕಷ್ಟೆ ಎಂದುಕೊಳ್ಳುವಷ್ಟರಲ್ಲಿ, ಹಸಿರು ಯಾವಾಗಲೂ ಕೆಂಪಿನ ಮೇಲೆ ದಾಟಿರುವುದು ಕಾಣುತ್ತದೆ. ಮೇಲು ಕೀಳೆಂಬುದು ಇಲ್ಲಿ ಚಕ್ರದಂತೆ ಸುತ್ತುತ್ತಿದೆ. ಇದರ ಫಲವೇನೆಂದರೆ, ಯಾವ ಎರಡು ಎಳೆಗಳೂ ಒಂದನ್ನೊಂದು ನೇರವಾಗಿ ಸುತ್ತಿಕೊಂಡಿಲ್ಲ. ಮೂರರಲ್ಲಿ ಯಾವುದಾದರೊಂದನ್ನು ಮೆಲ್ಲನೆ ಸೆಳೆದು ತೆಗೆದುಬಿಟ್ಟರೆ ಉಳಿದೆರಡು, ತಮಗೆ ಯಾವ ಸಂಬಂಧವೂ ಇರಲಿಲ್ಲವೆಂಬಂತೆ, ಬೇರೆ ಬೇರೆಯಾಗಿ ಬೀಳುತ್ತವೆ. ಆರು ದಾಟುಗಳ ಈ ಹೆಣಿಗೆಯ ಮೇಲ್ತುದಿಗಳನ್ನು ಕೆಳತುದಿಗಳಿಗೆ ಕೂಡಿಸಿ ಮೂರು ಬಳೆಗಳನ್ನಾಗಿ ಮಾಡಿದರೆ, ಇಟಲಿಯ ಬೊರೊಮಿಯೊ ಮನೆತನದ ಲಾಂಛನದಿಂದ ಹೆಸರು ಪಡೆದು ಗಣಿತಜ್ಞರಲ್ಲಿ ಸುಪ್ರಸಿದ್ಧವಾಗಿರುವ ‘ಬೊರೊಮಿಯನ್ ಬಳೆಗಳು’ ದೊರೆಯುತ್ತವೆ. ಒಂದು ಬಳೆಯನ್ನು ಮುರಿದರೆ ಉಳಿದೆರಡೂ ಬಿಡಿಯಾಗುವುದೇ ಅವುಗಳ ಲಕ್ಷಣ.

ಹೆಣಿಗೆಗಳನ್ನು ಸಂಖ್ಯೆಗಳಂತೆಯೇ ಕೂಡಿಸಿ, ವಿಲೋಮಗೊಳಿಸಿ ಲೆಕ್ಕ ಮಾಡಬಹುದೆಂದು ತೋರಿಸಿ, ಅವುಗಳಿಗೊಂದು ಬೀಜಗಣಿತವನ್ನೇ ರಚಿಸಿದವನು ಹ್ಯಾಂಬರ್ಗಿನಲ್ಲಿ ಅಧ್ಯಾಪಕನಾಗಿದ್ದ ಎಮಿಲ್ ಆರ್ಟಿನ್, ಕಾಲ 1925. ಎಳೆಗಳನ್ನು ಒಮ್ಮೆ ದಾಟಿಸುವುದು ಒಂದು ಕ್ರಿಯೆ, ಅದನ್ನೇ ಹಿಂದಕ್ಕೆ ದಾಟಿಸುವುದು ಅದರ ಪ್ರತಿಕ್ರಿಯೆ. ಎರಡನ್ನೂ ಒಂದರ ಬೆನ್ನಿಗೊಂದು ಮಾಡಿದರೆ ಏನನ್ನೂ ಮಾಡದಂತೆ. ನಮ್ಮ ಹೆರಳಿನಲ್ಲಿ ಬಲದಿಂದ ಬರುವ ದಾಟಿಗೂ ಎಡದಿಂದ ಬರುವ ದಾಟಿಗೂ ಚಿಹ್ನೆಗಳು ವಿರುದ್ಧವಾಗಿರುವುದರಿಂದ, ಎಲ್ಲವನ್ನೂ ಕೂಡಿಸಿದಾಗ ಮೊತ್ತ ಸೊನ್ನೆಯಾಗುತ್ತದೆ. ಇದು ಕೇವಲ ಕಾಗದದ ಮೇಲಣ ಲೆಕ್ಕವಲ್ಲ. ಹುರಿಗೊಳಿಸಿದ ಹಗ್ಗಕ್ಕೆ ಭಾರ ಕಟ್ಟಿ ತೂಗಬಿಟ್ಟರೆ ಅದು ಬಿಚ್ಚುವ ದಿಕ್ಕಿನಲ್ಲಿ ಗಿರ್ರನೆ ತಿರುಗತೊಡಗುತ್ತದೆ, ಏಕೆಂದರೆ ಅದರ ತಿರುಚೆಲ್ಲ ಒಂದೇ ಕಡೆಗೆ. ಹೆರಳಿನಲ್ಲಾದರೋ ಬಲದ ತಿರುಚನ್ನು ಎಡದ ತಿರುಚು ಹೆಜ್ಜೆಹೆಜ್ಜೆಗೂ ತೀರಿಸುತ್ತ ಹೋಗುವುದರಿಂದ, ಹುಡುಗಿ ಎಷ್ಟು ಕುಣಿದರೂ ಅದು ತಾನಾಗಿ ಉರುಳಿ ಬಿಚ್ಚಿಕೊಳ್ಳದೆ ಬೆನ್ನಿನ ಮೇಲೆ ಚಪ್ಪಟೆಯಾಗಿಯೇ ಬಿದ್ದಿರುತ್ತದೆ. ಹೊಸಬನಾದ ತಂದೆ ಒಂದೆಡೆ ಮರೆತು ಎಳೆಯನ್ನು ಮೇಲಿನ ಬದಲು ಕೆಳಗೆ ಹಾಯಿಸಿದನೋ, ಅಲ್ಲಿಗೆ ಆ ಚಕ್ರಕ್ರಮ ಭಂಗವಾಗಿ ಎರಡು ಎಳೆಗಳು ನಿಜಕ್ಕೂ ಒಂದನ್ನೊಂದು ಸುತ್ತಿಕೊಳ್ಳುತ್ತವೆ. ಆ ಜಾಗದಲ್ಲಿ ಒಂದು ಉಬ್ಬು ಏಳುತ್ತದೆ. ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಕೆಳಗಿನಿಂದಲೇ ಹಾಯಿಸಿದರೆ ಮಾತ್ರ ಏನೂ ಕೆಡುವುದಿಲ್ಲ, ಹಿಂಬದಿಯ ಹೆಣಿಗೆ ಮುಂಬದಿಗೆ ಬಂದಿರುತ್ತದೆ, ಅಷ್ಟೆ. ಏಕನಿಷ್ಠೆಯಿಂದ ಮಾಡಿದ ತಪ್ಪು ಇನ್ನೊಂದು ಶೈಲಿಯೇ ಆಗಿಬಿಡುವ ಈ ಸೌಕರ್ಯ ಎಲ್ಲ ವಿದ್ಯೆಗಳಲ್ಲಿಯೂ ಇಲ್ಲ.

ಇನ್ನು ಬಿಗಿ. ಮೇಲಿನ ಮಾತಿನಂತೆ ಎಳೆಗಳು ಒಂದನ್ನೊಂದು ನೇರವಾಗಿ ಹಿಡಿದಿಲ್ಲವಾದರೆ, ಗಂಟೂ ಇಲ್ಲದ, ಅಂಟೂ ಇಲ್ಲದ ಈ ರಚನೆ ನಿಲ್ಲುವುದಾದರೂ ಹೇಗೆ? ಘರ್ಷಣೆಯಿಂದ. ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಎರಡೇ ಬೆರಳಿನಲ್ಲಿ ಹಿಡಿದು ಮೊಂಡು ಹೋರಿಯನ್ನು ತಡೆದು ನಿಲ್ಲಿಸುವ ದನಗಾಹಿಗೆ ಈ ತತ್ತ್ವ ಚೆನ್ನಾಗಿ ಗೊತ್ತು. ಅದನ್ನು ಸಮೀಕರಣಕ್ಕೆ ಇಳಿಸಿದವನು ಹದಿನೆಂಟನೆಯ ಶತಮಾನದ ಲಿಯೊನಾರ್ಡ್ ಆಯ್ಲರ್. ಸುತ್ತು ಹೆಚ್ಚಿದಂತೆ ಹಿಡಿತವು ಕೂಡುತ್ತ ಹೋಗದೆ ಗುಣಿಸುತ್ತ ಹೋಗುತ್ತದೆಂಬುದು ಅವನ ಸಮೀಕರಣದ ಸಾರ. ಘರ್ಷಣೆಯ ಗುಣಾಂಕವನ್ನು 0.2 ಎಂದಿಟ್ಟುಕೊಂಡರೆ, ಒಂದು ಪೂರ್ತಿ ಸುತ್ತು ಬಲವನ್ನು ಸುಮಾರು 3.5 ಪಟ್ಟು ಮಾಡುತ್ತದೆ, ಮೂರು ಸುತ್ತು ಸುಮಾರು 43 ಪಟ್ಟು. ಹೆರಳಿನಲ್ಲಿ ಪ್ರತಿಯೊಂದು ಎಳೆಯೂ ನೆರೆಯ ಎಳೆಯ ಮೇಲೆ ಬಾಗಿ ಇಳಿಯುವಾಗ ಇಂತಹುದೇ ಒಂದು ಸುತ್ತಿನ ಅಂಶವನ್ನು ಸಂಪಾದಿಸಿಕೊಳ್ಳುತ್ತದೆ. ಅದಕ್ಕಿಂತಲೂ ಹಿಂದೆ, 1638ರಲ್ಲಿ ಪ್ರಕಟವಾದ ‘ಎರಡು ಹೊಸ ವಿಜ್ಞಾನಗಳು’ ಎಂಬ ಗ್ರಂಥದಲ್ಲಿ ಗೆಲಿಲಿಯೊ, ಗಿಡ್ಡನೆಯ ನಾರುಗಳಿಂದ ಹೊಸೆದ ಉದ್ದನೆಯ ಹಗ್ಗ ಭಾರವನ್ನು ತಾಳುವುದು ಹೇಗೆಂದು ತನ್ನ ಪಾತ್ರಗಳ ಬಾಯಿಂದ ಚರ್ಚೆ ಮಾಡಿಸಿದ್ದಾನೆ. ನಾರನ್ನು ಎಳೆಯುವ ಬಲವೇ ನಾರುಗಳನ್ನು ಒತ್ತುವ ಬಲವಾಗಿ ಪರಿಣಮಿಸುತ್ತದೆ. ಎಳೆದಷ್ಟೂ ಒತ್ತು, ಒತ್ತಿದಷ್ಟೂ ಹಿಡಿತ. ಹತ್ತಿಯ ನೂಲಿನ ವಿಷಯದಲ್ಲಿ ಇದೇ ಪ್ರಶ್ನೆಯನ್ನು 2018ರಲ್ಲಿ ಮತ್ತೆ ಕೈಗೆತ್ತಿಕೊಂಡ ವಾರನ್, ಬಾಲ್ ಮತ್ತು ಗೋಲ್ಡ್‌ಸ್ಟೀನ್ ಎಂಬ ಮೂವರು, ಅದಕ್ಕೆ ಆರು ವರ್ಷ ಮೊದಲು, ಹಿಂದಕ್ಕೆ ಕಟ್ಟಿ ಇಳಿಬಿಟ್ಟ ಕೂದಲಿನ ಗೊಂಚಲು ಕೆಳಗೆ ಏಕೆ ಹರವಿಕೊಳ್ಳುತ್ತದೆಂಬುದಕ್ಕೆ ಸಮೀಕರಣ ಬರೆದು, ನಗಿಸಿ ಅನಂತರ ಚಿಂತಿಸುವಂತೆ ಮಾಡುವ ಸಂಶೋಧನೆಗೆಂದೇ ಮೀಸಲಾದ ಇಗ್ ನೊಬೆಲ್ ಪಾರಿತೋಷಕವನ್ನೂ ಪಡೆದವರು.

ಇಲ್ಲಿ ತಂದೆಯ ಕೈಗಳನ್ನು ಹತ್ತಿರದಿಂದ ನೋಡಬೇಕು. ಎಳೆಗಳು ಮೂರು, ಕೈಗಳು ಎರಡು. ಆದುದರಿಂದ ಯಾವ ಕ್ಷಣದಲ್ಲಿಯೂ ಒಂದು ಕೈಯಲ್ಲಿ ಎರಡು ಎಳೆಗಳಿರಲೇಬೇಕು. ಪಳಗಿದ ಕೈ ಒಂದನ್ನು ಹೆಬ್ಬೆರಳು-ತೋರುಬೆರಳುಗಳ ನಡುವೆಯೂ, ಇನ್ನೊಂದನ್ನು ಕೊನೆಯ ಬೆರಳುಗಳಿಂದ ಅಂಗೈಗೆ ಒತ್ತಿಯೂ ಹಿಡಿದಿರುತ್ತದೆ. ನಡುವಿನ ಎಳೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟುವ ಆ ಅರೆಕ್ಷಣದಲ್ಲಿ ಯಾವುದೂ ಸಡಿಲವಾಗುವುದಿಲ್ಲ. ಹೊಸ ಕೈಗೆ ಆ ಅರೆಕ್ಷಣವೇ ಗಂಡಾಂತರ. ಎಳೆ ಕೈಬಿಡುವುದೆಂಬ ಅಂಜಿಕೆಯಿಂದ ಆತ ಮೂರನ್ನೂ ತನ್ನ ಕಡೆಗೆ, ಎಂದರೆ ಹಿಂದಕ್ಕೂ ಕೆಳಕ್ಕೂ, ಎಳೆಯತೊಡಗುತ್ತಾನೆ. ಆ ಬಲವೆಲ್ಲ ಹೆರಳಿನ ಉದ್ದಕ್ಕೂ ಹರಿದು ನೇರವಾಗಿ ನೆತ್ತಿಯ ಚರ್ಮವನ್ನು ತಲುಪುತ್ತದೆ. ಮಗುವಿನ ತಲೆ ಹಿಂದಕ್ಕೆ ವಾಲುತ್ತದೆ, ‘ಜಗ್ಗಬ್ಯಾಡಪ್ಪಾ, ನೋಯ್ತೈತಿ’ ಎಂಬ ದೂರು ಬರುತ್ತದೆ. ಅಜ್ಜಿಯ ಕೈಗಳನ್ನು ಗಮನಿಸಿದರೆ ಅವು ಬೇರೆಯದನ್ನೇ ಮಾಡುತ್ತಿರುತ್ತವೆ. ಒಂದು ದಾಟು ಮುಗಿದೊಡನೆ ಎರಡೂ ಕೈಗಳು ಎಡಕ್ಕೂ ಬಲಕ್ಕೂ, ಎದುರುಬದುರಾಗಿ, ಸಮವಾಗಿ ಒಂದು ಸಲ ಸೆಳೆದುಬಿಡುತ್ತವೆ. ಸಮವೂ ವಿರುದ್ಧವೂ ಆದ ಎರಡು ಬಲಗಳ ಮೊತ್ತ ಸೊನ್ನೆಯೆಂದು ಶಾಲೆಯ ಭೌತಶಾಸ್ತ್ರವೇ ಹೇಳುವುದಲ್ಲವೆ? ಅಡ್ಡಡ್ಡ ಸೆಳೆದಾಗ ದಾಟು ಬಿಗಿಯುತ್ತದೆ, ಎಳೆಗಳು ಒಂದನ್ನೊಂದು ಒತ್ತುತ್ತವೆ, ಘರ್ಷಣೆ ಕೈಗೂಡುತ್ತದೆ. ನೆತ್ತಿಗೆ ಮಾತ್ರ ಅದರ ಸುದ್ದಿಯೇ ಮುಟ್ಟುವುದಿಲ್ಲ. ಗಟ್ಟಿ ಹಿಡಿಯುವುದೆಂದರೆ ಇದು, ಜಗ್ಗುವುದೆಂದರೆ ಅದು.

ಕೂದಲು ಹಗ್ಗದ ನಾರಿನಂತಹ ಸಾಮಾನ್ಯ ವಸ್ತುವಲ್ಲ. 50ರಿಂದ 100 ಮೈಕ್ರಾನ್, ಎಂದರೆ ಹೆಚ್ಚೆಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪದ ಈ ತಂತುವಿನ ಹೊರಮೈಯನ್ನು ಅರ್ಧ ಮೈಕ್ರಾನ್ ದಪ್ಪದ ಶಲ್ಕಗಳು, ಮನೆಯ ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಏರಿ, ಬುಡದಿಂದ ತುದಿಯ ಕಡೆಗೆ ಇಳಿಜಾರಾಗಿ ಹೊದಿಸಿವೆ. ಬೆರಳಿನಲ್ಲಿ ಒಂದು ಕೂದಲನ್ನು ಹಿಡಿದು ಬುಡದಿಂದ ತುದಿಗೆ ಸವರಿದರೆ ನಯ, ತುದಿಯಿಂದ ಬುಡಕ್ಕೆ ಸವರಿದರೆ ಅಷ್ಟು ನಯವಲ್ಲ. ಒಳಗಿರುವುದು ಕೆರಾಟಿನ್ ಎಂಬ ಪ್ರೋಟೀನು. ಅದರ ಅಣುಸರಪಳಿ ಸುರುಳಿಯಾಕಾರದಲ್ಲಿ ಸುತ್ತಿಕೊಂಡಿರುತ್ತದೆಂದು 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವನ ಸಂಗಡಿಗರು ಸಾರಿದರು. ಅಂತಹ ಸುರುಳಿಗಳು ಮತ್ತೆ ಒಂದರ ಸುತ್ತ ಒಂದು ಹೊಸೆದುಕೊಂಡಿರಬೇಕೆಂದು ಅದಾದ ಸ್ವಲ್ಪ ಕಾಲದಲ್ಲಿಯೇ ಫ್ರಾನ್ಸಿಸ್ ಕ್ರಿಕ್ ತೋರಿಸಿದನು. ತಾಯಿ ಹೆಣೆಯುವ ಮುನ್ನವೇ ನಿಸರ್ಗವು ಕೂದಲಿನ ಗರ್ಭದಲ್ಲಿ ಹುರಿ ಹೊಸೆದು ಇಟ್ಟಿದೆ.

ಶಲ್ಕಗಳು ಎದ್ದು ನಿಂತರೆ ಸಿಕ್ಕು. ಅವು ಒರಗಿ ಮಲಗಿದರೆ ಹಣಿಗೆ ಸಲೀಸಾಗಿ ಇಳಿಯುತ್ತದೆ. ಎಣ್ಣೆಯ ಉಪಯೋಗ ಇಲ್ಲಿ. ಮುಂಬಯಿಯ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತೊಳೆಯುವಾಗಲೂ ಬಾಚುವಾಗಲೂ ಆಗುವ ಪ್ರೋಟೀನಿನ ನಷ್ಟವನ್ನು ತಗ್ಗಿಸುವುದರಲ್ಲಿ ಕೊಬ್ಬರಿ ಎಣ್ಣೆಯೇ ಮೇಲೆಂದು ಕಂಡುಬಂದಿತು. ಅದರಲ್ಲಿರುವ ಲಾರಿಕ್ ಆಮ್ಲದ ಅಣುಗಳು ಚಿಕ್ಕವೂ ನೇರವೂ ಆಗಿರುವುದರಿಂದ ಕೂದಲಿನ ಒಳಕ್ಕೇ ಇಳಿಯಬಲ್ಲವಂತೆ. ಎಣ್ಣೆಯಿಲ್ಲದೆಯೇ ದೀಪ ಉರಿಯುವುದೆಂಬ ನಂಬಿಕೆಯಿಂದ ದೀಪನಾಥೇಶ್ವರನ ಗುಡಿಗೆ ದೂರದೂರದ ಭಕ್ತರನ್ನು ಸೆಳೆದ ಊರು ಚಿಗಳ್ಳಿ. ದೀಪದ ಮಾತು ಭಕ್ತರಿಗೆ ಬಿಟ್ಟದ್ದು. ಆ ಊರಿನಲ್ಲಿಯೂ ಹುಡುಗಿಯರ ತಲೆಗೆ ಎಣ್ಣೆ ಬೇಕೇ ಬೇಕು.

ಗಾಳಿಯ ತೇವವೂ ತಂದೆಯ ಶ್ರಮದಲ್ಲಿ ಪಾಲುಗೊಳ್ಳುತ್ತದೆ. ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿರುವ ಮುಂಡಗೋಡಿನಲ್ಲಿ ಆಷಾಢದ ಗಾಳಿಗೂ ಫಾಲ್ಗುಣದ ಗಾಳಿಗೂ ಅಜಗಜಾಂತರ. ಜಿನೀವಾದ ಸೊಸ್ಯೂರ್ ಎಂಬ ಪರ್ವತಪ್ರಿಯ ವಿಜ್ಞಾನಿ, ತೇವಕ್ಕೆ ಕೂದಲು ಹಿಗ್ಗುವುದನ್ನೂ ಒಣಗಿದಾಗ ಕುಗ್ಗುವುದನ್ನೂ ಆಧಾರವಾಗಿಟ್ಟುಕೊಂಡು ಆರ್ದ್ರತೆಯನ್ನು ಅಳೆಯುವ ಉಪಕರಣವನ್ನು ರಚಿಸಿ, 1783ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದನು. ಮನುಷ್ಯನ ಒಂದು ಕೂದಲು ಹವಾಮಾನಶಾಲೆಗಳಲ್ಲಿ ಬಹುಕಾಲ ಚಾಕರಿ ಮಾಡಿತು. ಪೂರ್ಣ ಶುಷ್ಕತೆಯಿಂದ ಪೂರ್ಣ ಆರ್ದ್ರತೆಗೆ ಬಂದರೆ ಕೂದಲಿನ ಉದ್ದ ಶೇಕಡ 2ರಿಂದ 2.5ರಷ್ಟು ಹೆಚ್ಚುತ್ತದೆ, ದಪ್ಪವು ಅದಕ್ಕಿಂತ ಬಹಳ ಹೆಚ್ಚಾಗಿ ಉಬ್ಬುತ್ತದೆ. ಒದ್ದೆ ಕೂದಲಿಗೆ ಹೆರಳು ಹಾಕಬಾರದೆಂದು ಹಿರಿಯರು ಗದರಿಸುವುದಕ್ಕೆ ಬೇರೆ ಕಾರಣಗಳೂ ಇದ್ದಾವು, ಆದರೆ ಭೌತಿಕ ಕಾರಣ ಸ್ಪಷ್ಟ: ನೀರು ಕುಡಿದ ಕೂದಲಿನೊಳಗಣ ಜಲಜನಕ ಬಂಧಗಳು ಸಡಿಲಗೊಂಡು ಅದು ಸುಲಭವಾಗಿ ಹಿಗ್ಗಿ ಹಾನಿಗೊಳ್ಳುತ್ತದೆ, ಒಣಗಿದ ಮೇಲೆ ದಪ್ಪ ಕುಗ್ಗಿ, ಬೆಳಿಗ್ಗೆ ಬಿಗಿಯೆನಿಸಿದ ಹೆಣಿಗೆ ಮಧ್ಯಾಹ್ನಕ್ಕೆ ಪೊಳ್ಳಾಗುತ್ತದೆ. ಹಾಗೆ ಒಣಗಿದ ಕೂದಲನ್ನು ಸಂಜೆ ಬಿಚ್ಚಿದರೆ ಕಾಣುವ ಅಲೆಗಳು, ಹೆಣಿಗೆಯ ಬಾಗಿನಲ್ಲಿಯೇ ಆ ಬಂಧಗಳು ಪುನಃ ಕೂಡಿಕೊಂಡದ್ದರ ಗುರುತು. ಮುಂದಿನ ಅಭ್ಯಂಜನಕ್ಕೆ ಅವು ಅಳಿಸಿಹೋಗುತ್ತವೆ.

ಇದುವರೆಗೆ ಕೂದಲೆಂದರೆ ಒಂದೇ ಬಗೆಯದೆಂಬಂತೆ ಬರೆದೆನು. ಮುಂಡಗೋಡ ತಾಲ್ಲೂಕಿನಲ್ಲಿ ಹಾಗೆ ಬರೆಯುವುದು ಅನ್ಯಾಯವೇ ಸರಿ, ಏಕೆಂದರೆ ಮೂರು ಖಂಡಭಾಗಗಳ ಕೇಶಲಕ್ಷಣಗಳು ಒಂದೇ ಸಂತೆಯಲ್ಲಿ ಕಾಣಸಿಗುವ ಇಂತಹ ಎಡೆಗಳು ಭೂಮಿಯ ಮೇಲೆ ವಿರಳ. ಮುಂಡಗೋಡ, ಹಳಿಯಾಳ, ಯಲ್ಲಾಪುರ, ಜೋಯಿಡಾಗಳ ಕಾಡಂಚಿನ ಊರುಗಳಲ್ಲಿ ಬಹುಕಾಲದಿಂದ ನೆಲೆಸಿ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿಯರ ಪೂರ್ವಜರು ಆಫ್ರಿಕದವರು. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಪಾಲ್ಗೊಂಡು 2011ರಲ್ಲಿ ಪ್ರಕಟವಾದ ಅಧ್ಯಯನವು ಅವರ ವಂಶವಾಹಿಗಳಲ್ಲಿ ಆಫ್ರಿಕದ ಅಂಶವೇ ಬಹುಪಾಲೆಂದೂ, ಇಲ್ಲಿಯ ಜನರೊಡನೆ ಬೆರಕೆಯಾದದ್ದು ಸುಮಾರು 200 ವರ್ಷಗಳ ಹಿಂದೆಯೆಂದೂ ತಿಳಿಸಿತು. ಅವರಲ್ಲಿ ಅನೇಕರ ಕೂದಲು ಬಿಗಿಯಾದ ಗುಂಗುರು. ಅದು ಹುಟ್ಟುವ ಕೂಪವೇ ಬಾಗಿರುತ್ತದೆ, ಅಡ್ಡಕೊಯ್ತ ಅಂಡಾಕಾರವಾಗಿರುತ್ತದೆ. ಈ ಗುಂಗುರು ನಿಷ್ಪ್ರಯೋಜಕವಾದ ಅಲಂಕಾರವಲ್ಲ: ಮನುಷ್ಯಾಕೃತಿಯ ಉಷ್ಣಬೊಂಬೆಗೆ ಬಗೆಬಗೆಯ ಟೊಪ್ಪಿಗೆಗೂದಲು ತೊಡಿಸಿ ಕೃತಕ ಬಿಸಿಲಿನಲ್ಲಿ ಪರೀಕ್ಷಿಸಿ ಟೀನಾ ಲಸೀಸಿ ಮತ್ತು ಸಹೋದ್ಯೋಗಿಗಳು 2023ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬಿಸಿಲಿನ ತಾಪ ನೆತ್ತಿಗೆ ಮುಟ್ಟದಂತೆ ಅತ್ಯಂತ ಚೆನ್ನಾಗಿ ತಡೆಯುವುದು ಗುಂಗುರುಗೂದಲೇ. ಹೆಣೆಯುವವನ ದೃಷ್ಟಿಯಿಂದಲಾದರೆ ಇದಕ್ಕೆ ಬೇರೆಯೇ ನ್ಯಾಯ. ಕೂದಲುಗಳು ಪರಸ್ಪರ ಕೊಂಡಿ ಹಾಕಿಕೊಂಡಿರುವುದರಿಂದ ಹೆರಳು ಜಾರುವ ಭಯವಿಲ್ಲ, ರಿಬ್ಬನ್ನಿನ ಹಂಗೂ ಕಡಿಮೆ; ಆದರೆ ಪ್ರತಿಯೊಂದು ತಿರುವೂ ಒಂದು ದುರ್ಬಲ ಬಿಂದು. ಅಗಲ ಹಲ್ಲಿನ ಹಣಿಗೆಯಿಂದ, ತುದಿಯಿಂದ ಆರಂಭಿಸಿ ಮೇಲೆ ಮೇಲೆ ಬರುತ್ತ ಸಿಕ್ಕು ಬಿಡಿಸಬೇಕು. ನೆತ್ತಿಯಿಂದ ಒಮ್ಮೆಗೇ ಎಳೆದರೆ ತುಂಡಾಗಿ ಕೈಗೆ ಬರುತ್ತದೆ.

ಅತ್ತ 1966ರಲ್ಲಿ ನೆಲೆಗೊಂಡ ಟಿಬೆಟನ್ ಕಾಲೊನಿ ಉಂಟು. ಪೂರ್ವ ಏಷ್ಯದ ಜನರಲ್ಲಿ ಬಹು ಸಾಮಾನ್ಯವಾದ, ‘ಈಡಾರ್’ ಎಂಬ ವಂಶವಾಹಿಯ ಒಂದು ರೂಪಾಂತರವು ಕೂದಲನ್ನು ದಪ್ಪವಾಗಿಯೂ ನೇರವಾಗಿಯೂ ಬೆಳೆಸುತ್ತದೆ. ಅಂತಹ ಕೂದಲು ಬಾಗುವುದಕ್ಕೆ ಒಪ್ಪದೆ ಹೆಣಿಗೆಯಿಂದ ನೆಟ್ಟಗೆ ಹೊರಬರಲು ಹವಣಿಸುತ್ತಿರುತ್ತದೆ. ತಂತುವಿನ ಬಾಗುವಿಕೆಗೆ ಇರುವ ಪ್ರತಿರೋಧವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ, ದಪ್ಪ ಶೇಕಡ 20ರಷ್ಟು ಹೆಚ್ಚಿದರೆ ಬಿರುಸು ಇಮ್ಮಡಿಗೂ ಮೀರುತ್ತದೆ. ಕಾಲೊನಿಯ ಬೀದಿಗಳಲ್ಲಿ ಎದುರಾಗುವ ಬಹುಸಂಖ್ಯಾತ ಭಿಕ್ಷುಗಳಾದರೋ ಈ ಸಮಸ್ಯೆಯನ್ನು ಕ್ಷೌರದ ಕತ್ತಿಯಿಂದ ಬುಡಸಮೇತ ಪರಿಹರಿಸಿಕೊಂಡವರು.

ಇವರಿಬ್ಬರ ನಡುವೆ, ಅಲೆಯಲೆಯಾಗಿಯೋ ನೇರವಾಗಿಯೋ ಇರುವ ಉಳಿದವರ ಕೂದಲು. ಬಂಜಾರ ತಾಂಡಾಗಳ ಹಿರಿಯ ಹೆಂಗಸರು ಕೆನ್ನೆಗಳ ಪಕ್ಕದಲ್ಲಿ ಹೆಣೆದ ಕೂದಲಿಗೆ ಟೋಪ್ಲಿ, ಘುಗ್ರಿಗಳೆಂಬ ಬೆಳ್ಳಿಯ ಒಡವೆಗಳನ್ನು ತೂಗಬಿಡುವ ಪದ್ಧತಿಯನ್ನು ಕಂಡವರಿಗೆ, ಕೂದಲು ಎಷ್ಟು ಭಾರ ತಾಳೀತೆಂಬ ಪ್ರಶ್ನೆ ಹುಟ್ಟಬಹುದು. ಒಂದು ಆರೋಗ್ಯವಂತ ಕೂದಲು ತುಂಡಾಗಬೇಕಾದರೆ 50ರಿಂದ 100 ಗ್ರಾಂ ತೂಕ ಬೇಕು. ತಲೆಯ ಮೇಲಿರುವುದು ಸುಮಾರು 1 ಲಕ್ಷ ಕೂದಲು. ಎಲ್ಲವೂ ಸಮನಾಗಿ ಹೊತ್ತರೆ ಇಡೀ ಹೆರಳು ಐದಾರು ಟನ್ನಿಗೂ ಬಗ್ಗದು. ಸೋಲುವುದು ಹೆರಳಲ್ಲ, ಚರ್ಮ. ದಿನವೂ ಹಣೆಯಂಚಿನ ಮತ್ತು ಕಿವಿಯಂಚಿನ ಕೂದಲನ್ನು ಜಗ್ಗಿ ಕಟ್ಟುತ್ತಿದ್ದರೆ ಕೂದಲ ಬೇರು ಮೊದಲು ಕೆಂಪೇರಿ, ಸಣ್ಣ ಗುಳ್ಳೆಗಳೆದ್ದು, ಕ್ರಮೇಣ ಆ ಅಂಚು ಬೋಳಾಗುತ್ತದೆ. ಗ್ರೀನ್‌ಲೆಂಡಿನ ಹುಡುಗಿಯರಲ್ಲಿ ಬಿಗಿಯಾದ ಕೇಶಬಂಧದಿಂದ ಹೀಗಾಗುತ್ತಿದ್ದುದನ್ನು 1907ರಷ್ಟು ಹಿಂದೆಯೇ ವೈದ್ಯರು ದಾಖಲಿಸಿದ್ದರು. ಕೆಲವು ತಿಂಗಳೊಳಗೆ ಬಿಗಿ ತಗ್ಗಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ನಡೆದರೆ ಕೂಪವೇ ಕಲೆಗಟ್ಟಿ ಮುಚ್ಚಿಹೋಗುತ್ತದೆ. ಮಗುವಿನ ಬೈತಲೆಯ ಅಂಚಿನಲ್ಲಿ ಚರ್ಮವು ಡೇರೆಯಂತೆ ಮೇಲಕ್ಕೆದ್ದು ಕಂಡರೆ ಅದನ್ನು ಅಂದವೆಂದು ಭ್ರಮಿಸದೆ ಕೂಡಲೇ ಬಿಚ್ಚತಕ್ಕದ್ದು.

ಹೆರಳು ತುದಿಗೆ ಹೋದಂತೆ ಸಪೂರವಾಗುವುದೇಕೆಂದು ಕೇಳುವ ಮಕ್ಕಳುಂಟು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಎರಡರಿಂದ ಆರು ವರ್ಷ ಬೆಳೆದು, ಕೆಲವು ತಿಂಗಳು ವಿರಮಿಸಿ, ಉದುರುತ್ತದೆ. ಪ್ರತಿಯೊಂದರ ಜನ್ಮದಿನವೂ ಬೇರೆಯಾದುದರಿಂದ ತುದಿಯವರೆಗೆ ತಲುಪುವವು ಕೆಲವೇ. ಎಂಟು ವರ್ಷದ ಹುಡುಗಿಯ 60 ಸೆಂಟಿಮೀಟರ್ ಉದ್ದದ ಹೆರಳಿನ ತುದಿ ಆಕೆಯ ಮೂರನೆಯ ವಯಸ್ಸಿನಲ್ಲಿ ನೆತ್ತಿಯಿಂದ ಹೊರಟದ್ದು. ಐದು ವರ್ಷಗಳ ಬಿಸಿಲು, ಹಣಿಗೆ, ಸೀಗೆಕಾಯಿಗಳನ್ನು ಸಹಿಸಿ ಶಲ್ಕಗಳು ಸವೆದಿರುವ ಆ ಭಾಗದಲ್ಲಿ ಕೈ ಅತ್ಯಂತ ಮೃದುವಾಗಿರಬೇಕಾದದ್ದು ನ್ಯಾಯ.

ಇಷ್ಟನ್ನೆಲ್ಲ ಓದಿಕೊಂಡ ತಂದೆಗೆ ಹೆರಳು ಹಾಕಲು ಬಂದುಬಿಡುವುದೆ? ಬಾರದು. ತಿಳಿವಳಿಕೆ ಸೇರುವ ಕೋಣೆ ಬೇರೆ, ಕೈಚಳಕ ಸೇರುವ ಕೋಣೆ ಬೇರೆಯೆಂದು ಮಿದುಳಿನ ವಿಜ್ಞಾನಕ್ಕೆ ಮನವರಿಕೆ ಮಾಡಿಕೊಟ್ಟವನು ಅಮೆರಿಕದ ಹೆನ್ರಿ ಮೊಲೈಸನ್. ಅಪಸ್ಮಾರದ ನಿವಾರಣೆಗೆಂದು 1953ರಲ್ಲಿ ಮಾಡಿದ ಶಸ್ತ್ರಕ್ರಿಯೆಯ ತರುವಾಯ ಆತ ಹೊಸದೇನನ್ನೂ ನೆನಪಿಟ್ಟುಕೊಳ್ಳಲಾರದವನಾದ. ಆದರೂ ಬ್ರೆಂಡಾ ಮಿಲ್ನರ್ ಎಂಬಾಕೆ, ಕನ್ನಡಿಯಲ್ಲಿ ಮಾತ್ರ ಕಾಣುವ ನಕ್ಷತ್ರದ ಅಂಚನ್ನು ಪೆನ್ಸಿಲಿನಿಂದ ತಿದ್ದುವ ಕೆಲಸವನ್ನು ಆತನಿಗೆ ಕೊಟ್ಟಾಗ, ದಿನದಿಂದ ದಿನಕ್ಕೆ ಅವನ ಕೈ ನೇರ್ಪಾಯಿತು. ಆ ಕೆಲಸವನ್ನು ಹಿಂದೆ ಮಾಡಿದ್ದೇ ಅವನಿಗೆ ತಿಳಿದಿರಲಿಲ್ಲ. ಹೀಗೆ ಕಲಿತದ್ದು ಮಿದುಳಿನ ಆಳದ ನರಗ್ರಂಥಿಗಳಲ್ಲಿಯೂ ಕಿರುಮಿದುಳಿನಲ್ಲಿಯೂ ನೆಲೆಸುತ್ತದೆ. ಅಲ್ಲಿಗೆ ಮಾತಿನ ಪ್ರವೇಶ ಕಡಿಮೆ. ವರ್ಷಗಟ್ಟಲೆ ಹೆರಳು ಹಾಕಿದ ತಾಯಿಯನ್ನು ‘ಹೇಗೆ?’ ಎಂದು ಕೇಳಿದರೆ ಆಕೆ ತಡವರಿಸಿ, ಎದುರಿಗೆ ಕೂದಲಿಲ್ಲದಿದ್ದರೂ ಗಾಳಿಯಲ್ಲಿಯೇ ಬೆರಳಾಡಿಸಿ ತನ್ನ ಕೈಗಳನ್ನೇ ನೋಡಿಕೊಂಡು ಉತ್ತರ ಹೇಳುವುದು ಇದಕ್ಕಾಗಿ.

ಬೆರಳುಗಳ ಸರಣಿಯೊಂದನ್ನು ಕಲಿತವರು, ನಡುವೆ ಒಂದು ರಾತ್ರಿ ನಿದ್ರಿಸಿದರೆ, ಮತ್ತೆ ಅಭ್ಯಾಸ ಮಾಡದೆಯೇ ಶೇಕಡ 20ರಷ್ಟು ವೇಗವಾಗಿ ಮಾಡಬಲ್ಲರೆಂದು 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ತೋರಿಸಿದರು. ಆದುದರಿಂದ ಕಲಿಯುವ ತಂದೆ ಬೆಳಗಿನ ಗಡಿಬಿಡಿಯನ್ನು ನೆಚ್ಚಿಕೊಳ್ಳದೆ ರಾತ್ರಿ ಮಲಗುವ ಮೊದಲು ಕುಳಿತುಕೊಳ್ಳುವುದು ಲೇಸು. ಮಲಗುವಾಗ ಹಾಕುವ ಹೆರಳು ಹೇಗೂ ಸಡಿಲವಾಗಿರಬೇಕಾದದ್ದು. ದಿಂಬಿಗೆ ಉಜ್ಜಿ ಸಿಕ್ಕಾಗದಿದ್ದರೆ ಸಾಕು, ಅಂದಚಂದವನ್ನು ಯಾರೂ ಕೇಳುವುದಿಲ್ಲ. ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು, ಶಾಲೆಯ ಗಂಟೆಯ ಭಯವಿಲ್ಲ, ಮಗು ಅರ್ಧ ನಿದ್ರೆಯಲ್ಲಿದ್ದರೆ ದೂರೂ ಇಲ್ಲ.